ಒಂಬತ್ತು ಸಿಂಫನಿಗಳ ಒಂದು ಪೆಟ್ಟಿಗೆ: ಸಾಗರದ ಗೆಳೆಯನಿಗೆ

ಪ್ರೀತಿಯ ಗೆಳೆಯಾ,

ಮೂರು ವಾರದಿಂದ ನಮ್ಮ ಮನೆಯಲ್ಲಿ ಜರ್ಮನ್ ಸಂಗೀತಕಾರ ಬೀಥೋವನ್ನನ ನಾಲ್ಕನೆಯ ಸಿಂಫನಿಯ (ಇಡೀ ವಾದ್ಯವೃಂದ ನುಡಿಸುವ, ಹಲವು ಭಾಗಗಳ ದೊಡ್ಡ ಕೃತಿ) ಹೊರತು ಬೇರೇನೂ ಕೇಳಿಸಿಲ್ಲ. ಅದಕ್ಕೆ ನೀನೇ ಕಾರಣ. ಮಗಳು ಕೊಡಿಸಿದ ಸಿ.ಡಿ. ಪ್ಲೇಯರಿಗೆ ಬೀಥೋವನ್ನನ ಒಂಬತ್ತೂ ಸಿಂಫನಿಗಳಿರುವ ಪೆಟ್ಟಿಗೆಯೊಂದನ್ನು ತರಿಸಬೇಕೆಂದಿದ್ದೇನೆ, ಹತ್ತಾರು ಹೆಸರು ಹೇಳಿ ತಲೆ ಕೆಡಿಸಬೇಡ, ಒಂದೇ ಒಂದು ಹೇಳು ಎಂದು ನೀನು ಬರೆದೆ. ಬರೆಯುವುದು ಸುಲಭ. ನನ್ನ ಕಪಾಟಿನಲ್ಲಿರುವ ಸೆಟ್ಟುಗಳನ್ನೆಲ್ಲ ಕೆಳಗಿಳಿಸಿ, ಪ್ರತಿಯೊಂದರಿಂದಲೂ ನಾಲ್ಕನೆಯದನ್ನು ಮಾತ್ರ ತೆಗೆದು, ಬೆಳಗ್ಗೆ ಒಮ್ಮೆ ರಾತ್ರಿ ಒಮ್ಮೆ ಕೇಳುತ್ತಾ ಬಂದೆ. ನಿನ್ನ ಅತ್ತಿಗೆ ಎರಡನೆಯ ವಾರದ ಹೊತ್ತಿಗೆ ಆ ಸಿಂಫನಿಯ ಕೊನೆಯ ಭಾಗವನ್ನು ಒಗ್ಗರಣೆ ಹಾಕುವಾಗ ಗುನುಗತೊಡಗಿದಳು.

ಎಲ್ಲರೂ ಐದನೆಯದನ್ನೋ ಒಂಬತ್ತನೆಯದನ್ನೋ ಹಾಕಿ ಪರೀಕ್ಷಿಸುವಾಗ ನಾನು ನಾಲ್ಕನ್ನು ಹಿಡಿದದ್ದು ಏಕೆ ಎಂದು ನೀನು ಕೇಳಬಹುದು. ಐದನೆಯದನ್ನು ನುಡಿಸಬೇಕಾದಾಗ ಯಾವ ವಾದ್ಯವೃಂದವಾದರೂ ಬೆನ್ನು ನೆಟ್ಟಗೆ ಮಾಡಿಕೊಂಡು ಕೂರುತ್ತದೆ. ವಾದ್ಯವೃಂದವನ್ನು ಕೋಲು ಹಿಡಿದು ನಡೆಸುವ ಯಾವ ಕಂಡಕ್ಟರಾದರೂ ಅಂದು ಚೆನ್ನಾಗಿ ನಿದ್ದೆ ಮಾಡಿ ಬಂದಿರುತ್ತಾರೆ. (ಕಂಡಕ್ಟರ್ ಎಂದೊಡನೆ ನಿನಗೆ ಸಾಗರದಿಂದ ಜೋಗಕ್ಕೆ ಹೋಗುವ ಬಸ್ಸೇ ನೆನಪಾಗುತ್ತದೆಂದು ಗೊತ್ತು, ಆದರೆ ನನಗೆ ಬೇರೆ ಶಬ್ದ ಸಿಕ್ಕಿಲ್ಲ.) ಒಂದು ಸೆಟ್ಟಿನ ಗುಣ ತಿಳಿಯುವುದು ಯಾರೂ ವಿಶೇಷವಾಗಿ ಕಾದು ಕುಳಿತಿರದ ಎರಡು, ನಾಲ್ಕು ಮತ್ತು ಎಂಟರಲ್ಲಿ. ಒಂಬತ್ತನ್ನೂ ಒಟ್ಟಿಗೆ ಕೊಳ್ಳುವವನು ಈ ಮೂರಕ್ಕೂ ಹಣ ಕೊಟ್ಟಿರುತ್ತಾನಲ್ಲವೇ?

ನಾಲ್ಕನೆಯದರ ಕೊನೆಯ ಭಾಗದಲ್ಲಿ ಒಂದು ಜಾಗವಿದೆ. ಆರಂಭದಲ್ಲಿ ಪಿಟೀಲುಗಳು ಓಡಿಸಿಕೊಂಡು ಹೋದ ಪುಟ್ಟ ಸ್ವರಸಮೂಹ ಅರ್ಧದಾರಿಯಲ್ಲಿ ಮರಳಿ ಬರಬೇಕು. ಬರುವುದು ಪಿಟೀಲುಗಳ ಕೈಯಲ್ಲಲ್ಲ, ಒಂಟಿ ಬಸೂನಿನ ಬಾಯಲ್ಲಿ. ನಾದಸ್ವರಕ್ಕಿಂತ ಉದ್ದದ, ಗಂಟಲು ಕಟ್ಟಿದ ಮುದುಕನಂತೆ ಮಾತಾಡುವ ಮರದ ವಾದ್ಯ ಅದು. ಎರಡು ಮೂರು ಸೆಕೆಂಡಿನ ಈ ಮಾತನ್ನು ಮೆಲ್ಲಗೆ, ಮಧುರವಾಗಿ ನುಡಿಸಬೇಕೆಂದು ಬೀಥೋವನ್ ಬರೆದಿದ್ದಾನೆ. ಅದೇ ಭಾಗದ ನೆತ್ತಿಯ ಮೇಲೆ ‘ವೇಗವಾಗಿ, ಆದರೆ ಅತಿಯಾಗಿ ಅಲ್ಲ’ ಎಂಬ ಅರ್ಥದ ಇಟಾಲಿಯನ್ ಸೂಚನೆ ಇದೆ. ಪಕ್ಕದಲ್ಲಿ ಅವನೇ ಕೊಟ್ಟ ಮೆಟ್ರೊನೋಮ್ (ಕಾಲ ಎಣಿಸುವ ಯಂತ್ರ) ಸಂಖ್ಯೆ ನಿಮಿಷಕ್ಕೆ 80 ಹಾಫ್ ನೋಟ್ (ಎರಡು ಎಣಿಕೆಯ ಸ್ವರ), ಅಂದರೆ ಬಸೂನಿನವನ ಉಸಿರು ಹಾರಿಹೋಗುವ ಓಟ. ಮಾತು ಒಂದು ಹೇಳುತ್ತದೆ, ಅಂಕಿ ಇನ್ನೊಂದು ಹೇಳುತ್ತದೆ. ಆ ಎರಡು ಮೂರು ಸೆಕೆಂಡಿನಲ್ಲಿ ಕಂಡಕ್ಟರ್ ಯಾವುದನ್ನು ನಂಬಿದರು, ಬಸೂನಿನವನು ನಗುತ್ತಿದ್ದಾನೋ ಏದುಸಿರು ಬಿಡುತ್ತಿದ್ದಾನೋ, ಧ್ವನಿಮುದ್ರಣದವರು ಅವನನ್ನು ನಮ್ಮ ಕಿವಿಗೆ ತಲುಪಿಸಿದ್ದಾರೋ ಇಲ್ಲವೋ ಎಂಬುದೆಲ್ಲ ತಿಳಿದುಬಿಡುತ್ತದೆ.

ನನ್ನ ಮೊದಲ ಸೆಟ್ಟಿನ ಕಥೆ ನಿನಗೆ ಹೇಳಿದ್ದೇನೋ ಇಲ್ಲವೋ. 1986ರಲ್ಲಿ ಬೆಂಗಳೂರಿನ ಒಂದು ಅಂಗಡಿಯಲ್ಲಿ ತಿಂಗಳ ಸಂಬಳದ ಗಣನೀಯ ಪಾಲನ್ನು ಕೊಟ್ಟು ಕ್ಯಾಸೆಟ್ಟುಗಳ ಪೆಟ್ಟಿಗೆ ತಂದಿದ್ದೆ. ಮನೆಗೆ ಬಂದು ಒಡೆದು ನೋಡಿದರೆ ಆರನೆಯ ಸಿಂಫನಿಯ ಕ್ಯಾಸೆಟ್ ಎರಡಿತ್ತು, ಏಳನೆಯದು ಇರಲೇ ಇಲ್ಲ. ಒಡೆದ ಪೆಟ್ಟಿಗೆ ವಾಪಸು ತೆಗೆದುಕೊಳ್ಳುವುದಿಲ್ಲ ಎಂದು ಅಂಗಡಿಯವರು ಕೈಯಾಡಿಸಿಬಿಟ್ಟರು. ಹಾಗಾಗಿ ಎರಡು ವರ್ಷ ನನ್ನ ಪಾಲಿಗೆ ಬೀಥೋವನ್ ಎಂಟೇ ಸಿಂಫನಿ ಬರೆದಿದ್ದ. ಅಂದಿನಿಂದ, ಯಾವ ಪೆಟ್ಟಿಗೆಯನ್ನು ತಂದರೂ ಮೊದಲು ಸಿ.ಡಿ. ತಟ್ಟೆಗಳನ್ನು ಎಣಿಸುತ್ತೇನೆ. ನೀನೂ ಎಣಿಸು. ಜೊತೆಗೆ ಪೆಟ್ಟಿಗೆಯ ಬೆನ್ನಿನ ಪಟ್ಟಿಯನ್ನು ಓದು. ತಟ್ಟೆ ಉಳಿಸುವ ಆಸೆಗೆ ಒಂದು ಸಿಂಫನಿಯನ್ನು ಮಧ್ಯದಲ್ಲಿ ಕತ್ತರಿಸಿ ಉಳಿದರ್ಧವನ್ನು ಮುಂದಿನ ತಟ್ಟೆಗೆ ಹಾಕಿರುವ ಸೆಟ್ಟುಗಳಿವೆ. ಮೂರನೆಯ ಸಿಂಫನಿಯ ಎರಡನೆಯ ಭಾಗವಾದ ಶವಯಾತ್ರೆಯ ನಡಿಗೆ ಮುಗಿದೊಡನೆ ಎದ್ದು ಹೋಗಿ ತಟ್ಟೆ ಬದಲಿಸುವುದೆಂದರೆ, ಮಂಗಳ ಹಾಡುವ ಮೊದಲು ವಿದ್ವಾಂಸರು ಎದ್ದು ಫ್ಯೂಸ್ ಹಾಕಿ ಬಂದ ಹಾಗೆ.

ನೀನು ಹರೆಯದಲ್ಲಿ ಮೃದಂಗ ಕಲಿತವನು. ಆದ್ದರಿಂದ ಕಾಲಪ್ರಮಾಣದ ವಿಷಯವನ್ನು ತುಸು ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ಈ ಸೆಟ್ಟುಗಳ ನಡುವಿನ ದೊಡ್ಡ ಜಗಳವೇ ಅದು. ನಮ್ಮ ಕೃತಿಗಳ ಕಾಲ ಗುರುವಿನಿಂದ ಶಿಷ್ಯನಿಗೆ ಬಾಯಿಂದ ಬಾಯಿಗೆ ಬಂದದ್ದು, ಅದಕ್ಕೆ ಅಂಕಿಯಿಲ್ಲ. ಬೀಥೋವನ್ ಅಂಕಿ ಬಿಟ್ಟುಹೋದ. ಮೆಲ್ಟ್ಸೆಲ್ ಎಂಬವನು 1815ರಲ್ಲಿ ಮೆಟ್ರೊನೋಮಿಗೆ ಪೇಟೆಂಟ್ ಪಡೆದ ಮೇಲೆ, 1817ರಲ್ಲಿ ಲೈಪ್‌ಜಿಗ್ಗಿನ ಸಂಗೀತ ಪತ್ರಿಕೆಯೊಂದರಲ್ಲಿ ಬೀಥೋವನ್ ತನ್ನ ಮೊದಲ ಎಂಟು ಸಿಂಫನಿಗಳ ಪ್ರತಿಯೊಂದು ಭಾಗಕ್ಕೂ ಸಂಖ್ಯೆ ಪ್ರಕಟಿಸಿದ. ‘ಎರೋಯಿಕಾ’ ಎಂಬ ಮೂರನೆಯ ಸಿಂಫನಿಯ ಮೊದಲ ಭಾಗವನ್ನು ತೆಗೆದುಕೊ. ಮೂರು ಎಣಿಕೆಯ ಒಂದು ಆವರ್ತನ, ಅಂಥವು ನಿಮಿಷಕ್ಕೆ 60, ಸೆಕೆಂಡಿಗೆ ಒಂದು. ಭಾಗದಲ್ಲಿ ಒಟ್ಟು 691 ಆವರ್ತನಗಳಿವೆ. ಹಾಗಿದ್ದರೆ ಅದು ಹನ್ನೊಂದೂವರೆ ನಿಮಿಷದಲ್ಲಿ ಮುಗಿಯಬೇಕು; ಆರಂಭದ ಸುಮಾರು 150 ಆವರ್ತನಗಳನ್ನು ಬೀಥೋವನ್ ಹೇಳಿದಂತೆ ಎರಡು ಸಲ ನುಡಿಸಿದರೆ ಹದಿನಾಲ್ಕು ನಿಮಿಷ.

ಈಗ ಸೆಟ್ಟುಗಳನ್ನು ನೋಡು. ಕಂಡಕ್ಟರ್ ಒಟ್ಟೊ ಕ್ಲೆಂಪರರ್ ಆ ಮರುನುಡಿಕೆಯನ್ನು ಬಿಟ್ಟೂ ಹದಿನಾರು ನಿಮಿಷ ಮೀರಿ ತೆಗೆದುಕೊಳ್ಳುತ್ತಾರೆ. ಹರ್ಬರ್ಟ್ ಫಾನ್ ಕರಾಯನ್ 1962ರ ಸೆಟ್ಟಿನಲ್ಲಿ, ಅದೂ ಮರುನುಡಿಕೆ ಇಲ್ಲದೆಯೇ, ಹದಿನೈದರ ಹತ್ತಿರ ಇದ್ದಾರೆ. 1990ರ ದಶಕದ ಕೊನೆಯಲ್ಲಿ ಝೂರಿಕ್‌ನ ಟೋನ್‌ಹಾಲೆ ವಾದ್ಯವೃಂದದೊಂದಿಗೆ ಡೇವಿಡ್ ಜಿನ್ಮನ್ ಮಾಡಿದ ಸೆಟ್ಟಿನಲ್ಲಿ ಮರುನುಡಿಕೆಯೂ ಸೇರಿ ಹದಿನೈದೂವರೆ ನಿಮಿಷ ಚಿಲ್ಲರೆ. ಅಂದರೆ ಕ್ಲೆಂಪರರ್ ಅವರಿಗಿಂತ ಐದನೇ ಒಂದು ಪಾಲು ಹೆಚ್ಚು ಸಂಗೀತವನ್ನು ಅವರಿಗಿಂತ ಕಡಿಮೆ ಹೊತ್ತಿನಲ್ಲಿ ನುಡಿಸಿದ್ದಾರೆ. ಒಂಬತ್ತನೆಯದರ ನಿಧಾನದ ಭಾಗಕ್ಕೆ ಬಂದರೆ ಅಂತರ ಇನ್ನೂ ವಿಪರೀತ: ವಿಲ್ಹೆಲ್ಮ್ ಫುರ್ಟ್‌ವ್ಯಾಂಗ್ಲರ್ 1951ರಲ್ಲಿ ಜರ್ಮನಿಯ ಬೈರಾಯ್ಟಿನಲ್ಲಿ ಹತ್ತೊಂಬತ್ತು ನಿಮಿಷ ದಾಟುತ್ತಾರೆ, ಜಿನ್ಮನ್ ಹನ್ನೊಂದು ಚಿಲ್ಲರೆಗೆ ಮುಗಿಸುತ್ತಾರೆ. ಬರೆದ ಸ್ವರಗಳು ಮಾತ್ರ ಅವೇ.

ಹಾಗೆಂದು ಗಡಿಯಾರ ಹಿಡಿದು ಸೆಟ್ ಆರಿಸಬೇಡ. ಕ್ಲೆಂಪರರ್ ನಿಧಾನ ಎಂದು ನಾನು ಬಹಳ ವರ್ಷ ಅವರನ್ನು ದೂರ ಇಟ್ಟಿದ್ದೆ, ಅದು ನನ್ನ ತಪ್ಪು. ಚೌಕಕಾಲದಲ್ಲಿ ಹಾಡಿದರೂ ಕಾಲ ಕೂತಿರಬೇಕು ಎನ್ನುತ್ತೇವಲ್ಲ, ಅವರ ಕಾಲ ಕೂತಿದೆ. ಮೇಲಾಗಿ ಅವರು ಹಳೆಯ ಪದ್ಧತಿಯಂತೆ ಮೊದಲ ಪಿಟೀಲುಗಳನ್ನು ಎಡಕ್ಕೂ ಎರಡನೆಯ ಪಿಟೀಲುಗಳನ್ನು ಬಲಕ್ಕೂ ಕೂರಿಸುತ್ತಾರೆ. ಏಳನೆಯದರ ಕೊನೆಯ ಭಾಗದಲ್ಲಿ ಈ ಎರಡು ಗುಂಪುಗಳು ಒಂದರಿಂದೊಂದು ಪೆಟ್ಟನ್ನು ಕಸಿದುಕೊಳ್ಳುವುದು ಹೆಡ್‌ಫೋನಿನಲ್ಲಿ ಎಡಗಿವಿಯಿಂದ ಬಲಗಿವಿಗೆ ಹಾರಿದಂತೆ ಕೇಳುತ್ತದೆ, ತನಿ ಆವರ್ತನದಲ್ಲಿ ಮೃದಂಗ, ಘಟ ಮಾತಾಡಿಕೊಂಡ ಹಾಗೆ. ಎಲ್ಲ ಪಿಟೀಲುಗಳನ್ನೂ ಎಡಕ್ಕೇ ಕೂರಿಸಿದ ಸೆಟ್ಟುಗಳಲ್ಲಿ ಈ ಆಟ ಮಣ್ಣುಪಾಲು.

ಕಾಲದ ನಂತರದ ಜಗಳ ಪಾಠಾಂತರದ್ದು. ಎರೋಯಿಕಾದ ಅದೇ ಮೊದಲ ಭಾಗದ ಕೊನೆಗೆ, ಇಡೀ ವಾದ್ಯವೃಂದ ಮುಖ್ಯ ಧಾತುವನ್ನು (ಭಾಗದ ಮೂಲ ಸ್ವರಮಾಲೆಯನ್ನು) ಎತ್ತಿ ಹಿಡಿದಾಗ ಟ್ರಂಪೆಟ್ಟುಗಳು ಅದನ್ನು ಘೋಷಿಸಲು ತೊಡಗಿ, ನಡುವೆ ಥಟ್ಟನೆ ಕೆಳಗಿಳಿದು ಒಂದೇ ಸ್ವರವನ್ನು ಬಡಿಯುತ್ತಾ ನಿಲ್ಲುತ್ತವೆ. ಬೀಥೋವನ್ನನ ಕಾಲದ ಟ್ರಂಪೆಟ್ಟಿಗೆ ಸ್ವರ ಬದಲಿಸುವ ಒತ್ತುಗುಂಡಿಗಳು (ವಾಲ್ವು) ಇರಲಿಲ್ಲವಾದ್ದರಿಂದ ಮುಂದಿನ ಸ್ವರಗಳು ಅದಕ್ಕೆ ಎಟುಕುತ್ತಿರಲಿಲ್ಲ. ಅವನಿಗೆ ಇಂದಿನ ವಾದ್ಯ ಸಿಕ್ಕಿದ್ದರೆ ಪೂರ್ತಿ ಬರೆಯುತ್ತಿದ್ದ ಎಂದು ನಂಬಿ, ಹತ್ತೊಂಬತ್ತನೆಯ ಶತಮಾನದಿಂದಲೂ ಕಂಡಕ್ಟರುಗಳು ಧಾತುವನ್ನು ಟ್ರಂಪೆಟ್ಟಿನಲ್ಲೇ ಕೊನೆಯವರೆಗೆ ನುಡಿಸುತ್ತಾ ಬಂದರು. ಟೊಸ್ಕನೀನಿ, ಕರಾಯನ್ ಇಬ್ಬರೂ ಆ ಪಂಗಡದವರು. 1980ರ ದಶಕದಲ್ಲಿ ರೋಜರ್ ನಾರಿಂಗ್ಟನ್ ಮೊದಲಾದವರು ಆ ಕಾಲದ ವಾದ್ಯಗಳನ್ನೇ ಹಿಡಿದು, ಸ್ವರವನ್ನು ನಡುಗಿಸದೆ, ಬರೆದದ್ದನ್ನು ಬರೆದ ಹಾಗೇ ನುಡಿಸಿದಾಗ ಧಾತು ಮರದ ಊದುವಾದ್ಯಗಳ ಮಡಿಲಿಗೆ ಬೀಳುವುದು ಕೇಳಿಸಿತು. ಎರಡನ್ನೂ ಒಂದಾದ ಮೇಲೊಂದು ಹಾಕಿ ಕೇಳಿದರೆ, ಮೊದಲನೆಯದು ಗೆದ್ದವನ ಮೆರವಣಿಗೆ, ಎರಡನೆಯದರಲ್ಲಿ ಗೆಲ್ಲುವ ಹೊತ್ತಿಗೆ ಧ್ವನಿ ಬಿದ್ದುಹೋದವನೊಬ್ಬ ಇದ್ದಾನೆ. ನನಗೆ ಎರಡನೆಯದೇ ಇಷ್ಟ.

ಜಾನಥನ್ ಡೆಲ್ ಮಾರ್ ಎಂಬ ವಿದ್ವಾಂಸರು ಒಂಬತ್ತೂ ಸಿಂಫನಿಗಳ ಹಸ್ತಪ್ರತಿ, ನಕಲುಪ್ರತಿ, ಮೊದಲ ಮುದ್ರಣಗಳನ್ನು ಹೋಲಿಸಿ 1996ರಿಂದ 2000ದೊಳಗೆ ಬೇರೆನ್‌ರೈಟರ್ ಪ್ರಕಾಶನಕ್ಕೆ ಶುದ್ಧಪಾಠ ಸಿದ್ಧಪಡಿಸಿದರು. ನಮ್ಮ ಹಳಗನ್ನಡ ಕಾವ್ಯಗಳ ಓಲೆಪ್ರತಿಗಳನ್ನು ಕೂರಿಸಿಕೊಂಡು ಪಾಠಭೇದ ಗುರುತಿಸುವವರ ಕೆಲಸವೇ ಅದು. ಒಂಬತ್ತನೆಯದರ ಕೊನೆಯಲ್ಲಿ ಗಾಯಕವೃಂದ ದೊಡ್ಡದಾಗಿ ಎದ್ದು ನಿಲ್ಲುವುದಕ್ಕೆ ಸ್ವಲ್ಪ ಮೊದಲು ಎಲ್ಲ ಅಡಗಿ, ಹಿತ್ತಾಳೆಯ ಊದುವಾದ್ಯಗಳಾದ ಹಾರ್ನುಗಳು ಮಾತ್ರ ಒಂದು ಸ್ವರವನ್ನು ಮಿಡಿಯುತ್ತವೆ. ಹಳೆಯ ಮುದ್ರಣಗಳಲ್ಲಿ ಅದು ಕ್ರಮಬದ್ಧ ಮಿಡಿತ. ಡೆಲ್ ಮಾರ್ ಪಾಠದಲ್ಲಿ ಅದು ಎಡವಿ ಎಡವಿ ನಡೆಯುತ್ತದೆ, ಅನಿರೀಕ್ಷಿತ ಜಾಗಗಳಲ್ಲಿ ಎಳೆದುಕೊಳ್ಳುತ್ತದೆ. ಜಿನ್ಮನ್ ಸೆಟ್ಟಿನಲ್ಲಿ ಇದನ್ನು ಮೊದಲ ಸಲ ಕೇಳಿದಾಗ ನನ್ನ ತಟ್ಟೆಗೇ ಗೀರು ಬಿದ್ದಿದೆ ಎಂದುಕೊಂಡು ತೆಗೆದು ಒರೆಸಿದ್ದೆ.

ಮೈಸೂರಿನಲ್ಲಿ ಕುಳಿತು ಇದನ್ನು ಬರೆಯುತ್ತಿರುವಾಗ ಒಂದು ಮಾತನ್ನು ಹೇಳದೆ ಇರಲಾರೆ. ಕರಾಯನ್ ಅವರ ಮೊದಲ ಸೆಟ್ (1951ರಿಂದ 1955) ಮತ್ತು ಕ್ಲೆಂಪರರ್ ಅವರ ಸೆಟ್ (1955ರಿಂದ 1960) ಎರಡನ್ನೂ ನುಡಿಸಿದ್ದು ಲಂಡನ್ನಿನ ಫಿಲ್ಹಾರ್ಮೋನಿಯ. 1945ರಲ್ಲಿ ಧ್ವನಿಮುದ್ರಣಗಳ ನಿರ್ಮಾಪಕ ವಾಲ್ಟರ್ ಲೆಗ್ ಕಟ್ಟಿದ ಆ ವಾದ್ಯವೃಂದ ಕಾಲೂರುತ್ತಿದ್ದ ದಿನಗಳಲ್ಲಿ ಅದಕ್ಕೆ ಒತ್ತಾಸೆಯಾದವರು ನಮ್ಮ ಜಯಚಾಮರಾಜ ಒಡೆಯರು. ಅರಮನೆಗೆ ಬಂದ ತನಗೆ ಮಹಾರಾಜರು ಮೂರು ವರ್ಷಗಳ ಕಾಲ ವರ್ಷಕ್ಕೆ 10,000 ಪೌಂಡ್ ಕೊಡುವ ಮಾತು ಕೊಟ್ಟರೆಂದು ಲೆಗ್ ಬರೆದುಕೊಂಡಿದ್ದಾರೆ. 1948ರಲ್ಲಿ ಫಿಲ್ಹಾರ್ಮೋನಿಯ ಕಛೇರಿ ಸಂಘದ ಮೊದಲ ಅಧ್ಯಕ್ಷರಾದವರೂ ಅವರೇ. 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲಿನಲ್ಲಿ ರಿಚರ್ಡ್ ಸ್ಟ್ರೌಸ್‌ನ ಕೊನೆಯ ನಾಲ್ಕು ಹಾಡುಗಳು ಮೊದಲ ಬಾರಿಗೆ ಕೇಳಿಬಂದದ್ದು ಇದೇ ವಾದ್ಯವೃಂದದೊಡನೆ, ಫುರ್ಟ್‌ವ್ಯಾಂಗ್ಲರ್ ಅವರ ಕೈಕೆಳಗೆ, ಮಹಾರಾಜರ ನೆರವಿನಿಂದ. ‘ಶ್ರೀವಿದ್ಯಾ’ ಅಂಕಿತದಲ್ಲಿ ತೊಂಬತ್ತಕ್ಕೂ ಮಿಕ್ಕಿ ಕೃತಿಗಳನ್ನು ರಚಿಸಿದ ವಾಗ್ಗೇಯಕಾರರ ಇನ್ನೊಂದು ಕಿವಿ ಅಲ್ಲಿತ್ತು. ಆದರೆ ಊರಿನ ಅಭಿಮಾನಕ್ಕಾಗಿ ಕರಾಯನ್ ಅವರ ಆ ಮೊದಲ ಸೆಟ್ಟನ್ನು ನಿನಗೆ ಹೊರಿಸಲಾರೆ. ನುಡಿಸಾಣಿಕೆ ಸೊಗಸು, ಧ್ವನಿ ಬಹುಪಾಲು ಮೋನೊ, ಎರಡು ಕಿವಿಗೂ ಒಂದೇ.

ಉಳಿದ ಹಳಬರ ವಿಷಯ ಬೇಗ ಮುಗಿಸುತ್ತೇನೆ. ಒಬ್ಬರೇ ಕಂಡಕ್ಟರ್ ಒಂಬತ್ತನ್ನೂ ಧ್ವನಿಮುದ್ರಿಸಿದ್ದು ಮೊದಲಿಗೆ 1930ರ ದಶಕದಲ್ಲಿ, ಫೆಲಿಕ್ಸ್ ವೈನ್‌ಗಾರ್ಟ್‌ನರ್. ಟೊಸ್ಕನೀನಿ ಅವರ ಸೆಟ್ಟಿನಲ್ಲಿ ಬೆಂಕಿಯಿದೆ, ಆದರೆ ಒಂಬತ್ತನ್ನೂ ಆ ಬೆಂಕಿಯ ಪಕ್ಕ ಕುಳಿತು ಕೇಳಲು ನನ್ನಿಂದಾಗದು. ಫುರ್ಟ್‌ವ್ಯಾಂಗ್ಲರ್ ಹೆಸರಿನ ಸೆಟ್ ಅವರು ತೀರಿಕೊಂಡ ಮೇಲೆ ಅಲ್ಲಿಂದ ಇಲ್ಲಿಂದ ಕೂಡಿಸಿದ್ದು. ಅದರ ಎರಡನೆಯ ಸಿಂಫನಿ 1948ರ ಲಂಡನ್ ಕಛೇರಿಯ ಕಳಪೆ ಧ್ವನಿಮುದ್ರಣ. ಇನ್ನೊಂದು ತಮಾಷೆ: ನಮ್ಮ ಬಾಲ್ಯದಲ್ಲಿ ಮನೆಮನೆಗೆ ಬರುತ್ತಿದ್ದ ರೀಡರ್ಸ್ ಡೈಜೆಸ್ಟ್‌ನವರು 1961ರಲ್ಲಿ ರೆನೆ ಲೈಬೊವಿಟ್ಜ್ ಅವರಿಂದ ಒಂದು ಸೆಟ್ ಮಾಡಿಸಿದ್ದರು, ಅಂಚೆಯಲ್ಲಿ ಮಾರಲು. ಎಲ್ಲರೂ ಗೇಲಿ ಮಾಡುತ್ತಿದ್ದ ಬೀಥೋವನ್ನನ ಅಂಕಿಗಳ ಹತ್ತಿರಕ್ಕೆ ಅಷ್ಟು ಮೊದಲೇ ಹೋದವರು ಅವರು.

ಕರಾಯನ್ ಅವರ 1962ರ ಬರ್ಲಿನ್ ಸೆಟ್ಟನ್ನೇ ಎಲ್ಲರೂ ನಿನಗೆ ಹೇಳುತ್ತಾರೆ. ಬರ್ಲಿನ್ನಿನ ಡಾಲೆಮ್ ಬಡಾವಣೆಯ ಚರ್ಚೊಂದರಲ್ಲಿ ಧ್ವನಿಮುದ್ರಿಸಿ, ಒಂಬತ್ತನ್ನೂ ಒಂದೇ ಪೆಟ್ಟಿಗೆಯಾಗಿ ಮಾರಲೆಂದೇ ಯೋಜಿಸಿದ ಸೆಟ್ ಅದು. ಅದರ ಒಂಬತ್ತನೆಯದರಲ್ಲಿ ಗಾಯಕಿ ಗುಂಡುಲಾ ಯಾನೊವಿಟ್ಜ್ ಅವರ ಧ್ವನಿ ಏರುವುದನ್ನು ಕೇಳಿದವರು ಮರೆಯುವುದಿಲ್ಲ. ನನ್ನ ತಕರಾರು ಆರನೆಯದರ ಮೇಲೆ. ಹಳ್ಳಿಗಾಡಿನ ಸಿಂಫನಿ ಎಂದೇ ಹೆಸರಾದ ಅದನ್ನು ಕರಾಯನ್ ರೈಲಿನ ಕಿಟಕಿಯಿಂದ ನೋಡಿದ್ದಾರೆ. ಹಳ್ಳಿಗರ ಕುಣಿತದಲ್ಲಿ ಬರಬೇಕಾದ ಮರುನುಡಿಕೆಯನ್ನೂ ಬಿಟ್ಟು, ಮಳೆ ಬರುವ ಮೊದಲೇ ಮನೆ ಸೇರುವ ಅವಸರ ತೋರಿದ್ದಾರೆ. ನಾಲ್ಕನೆಯದರ ಬಸೂನ್ ಆ ಚರ್ಚಿನ ಮಾರ್ದನಿಯಲ್ಲಿ ಸ್ವಲ್ಪ ಕರಗಿದೆ.

ಮಳೆ ಎಂದಾಗ ನಿನ್ನ ಮನೆ ನೆನಪಾಯಿತು, ನನ್ನ ತೀರ್ಮಾನ ನಿಂತಿರುವುದೂ ಅದರ ಮೇಲೆಯೇ. ಹಿಂದೊಮ್ಮೆ ಆಷಾಢದಲ್ಲಿ ನಿಮ್ಮಲ್ಲಿ ಉಳಿದಿದ್ದಾಗ, ಹೆಂಚಿನ ಮೇಲೆ ಬೀಳುವ ಮಳೆಯ ಸದ್ದಿಗೆ ನಾವಿಬ್ಬರೂ ಎದುರುಬದುರು ಕೂತು ಕೂಗಿ ಮಾತಾಡಿದೆವಲ್ಲ. ಅಂಥ ಮನೆಗೆ ಓಸ್ಮೊ ವಾನ್ಸ್ಕಾ ಮಿನೆಸೋಟದಲ್ಲಿ 2004ರಿಂದ 2008ರವರೆಗೆ ಮಾಡಿದ ಸೆಟ್ಟನ್ನು, ಅದು ಎಷ್ಟೇ ಅಚ್ಚುಕಟ್ಟಾಗಿರಲಿ, ನಾನು ಹೇಳಲಾರೆ. ಅದರ ಮೆಲುದನಿ ಸೂಜಿ ಬಿದ್ದರೆ ಕೇಳುವ ಕೋಣೆಗಾಗಿ ಮಾಡಿದ್ದು. ನಿನ್ನ ಮನೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಮಳೆಗೆ ಹೋಗುತ್ತದೆ. ಮೆಲುದನಿ ಕೇಳಲೆಂದು ವಾಲ್ಯೂಮ್ ಏರಿಸಿದರೆ ಟಿಂಪನಿ ಎಂಬ ನಗಾರಿ ಬಂದಾಗ ಕೊಟ್ಟಿಗೆಯ ಹಸು ಹಗ್ಗ ಕಿತ್ತುಕೊಳ್ಳುತ್ತದೆ.

ಆದ್ದರಿಂದ ಒಂದೇ ಹೆಸರು ಬೇಕಾದರೆ, ಜಾರ್ಜ್ ಸೆಲ್ ಕ್ಲೀವ್‌ಲ್ಯಾಂಡ್ ವಾದ್ಯವೃಂದದೊಂದಿಗೆ 1957ರಿಂದ 1964ರ ನಡುವೆ ಧ್ವನಿಮುದ್ರಿಸಿದ ಸೆಟ್. ಸೆಲ್ 1946ರಿಂದ ತೀರಿಕೊಂಡ 1970ರವರೆಗೆ ಆ ಒಂದೇ ವಾದ್ಯವೃಂದವನ್ನು ಸಾಣೆ ಹಿಡಿದವರು. ಮೈಕುಗಳು ವಾದ್ಯಗಳ ಹತ್ತಿರ ಇದ್ದಂತಿದೆ, ಧ್ವನಿ ಮುಂದಕ್ಕೆ ಬಂದು ನಿಲ್ಲುತ್ತದೆ, ಪಿಸುಮಾತಿಗೂ ಮೈಯಿದೆ. ಒಳ್ಳೆಯ ಕೋಣೆಯಲ್ಲಿ ಇದನ್ನು ದೋಷವೆಂದೇ ಹೇಳುತ್ತಾರೆ. ಕ್ಯಾಸೆಟ್ಟಿನ ದಿನಗಳನ್ನು ನೆನಪಿಸುವ ಒಂದು ‘ಸ್’ ಸದ್ದೂ ಹಿನ್ನೆಲೆಯಲ್ಲಿದೆ. ನಿನ್ನ ಹೆಂಚಿನ ಕೆಳಗೆ ಅದು ಲೆಕ್ಕಕ್ಕಿಲ್ಲ. ಸೆಲ್ ಅವರೂ ಹಳೆಯ ಪಂಗಡದವರೇ: ಸ್ವರಲಿಪಿಯನ್ನು ಅಲ್ಲಲ್ಲಿ ತಿದ್ದಿದ್ದಾರೆ, ಎರೋಯಿಕಾದ ಮರುನುಡಿಕೆಯನ್ನು ಬಿಟ್ಟಿದ್ದಾರೆ. ಆದರೆ ನಾನು ಇದುವರೆಗೆ ಕೇಳಿದವುಗಳಲ್ಲಿ ಎರಡು, ನಾಲ್ಕು, ಎಂಟು ಮೂರರಲ್ಲೂ ಆಕಳಿಸದೆ ಉಳಿದ ಸೆಟ್ ಇದೊಂದೇ. ಮೃದಂಗದವನ ಕಿವಿಗೆ ಇನ್ನೊಂದು ಸಂತೋಷವೂ ಇದೆ. ಎಲ್ಲರೂ ಒಟ್ಟಿಗೆ ಬೀಳಬೇಕಾದ ಪೆಟ್ಟು ಇಲ್ಲಿ ನಿಜಕ್ಕೂ ಒಟ್ಟಿಗೆ ಬೀಳುತ್ತದೆ, ಅದರಾಚೆಯ ನಿಶ್ಶಬ್ದವನ್ನೂ ಅಷ್ಟೇ ಕರಾರುವಾಕ್ಕಾಗಿ ಬಿಟ್ಟಿದ್ದಾರೆ.

ಎರಡು ವಿನಾಯಿತಿಗಳು. ಐದು ಮತ್ತು ಏಳನ್ನು ಕಾರ್ಲೋಸ್ ಕ್ಲೈಬರ್ ವಿಯೆನ್ನಾದಲ್ಲಿ 1970ರ ದಶಕದ ನಡುವೆ ಧ್ವನಿಮುದ್ರಿಸಿದ್ದಾರೆ. ಅವರು ಒಂಬತ್ತನ್ನೂ ಎಂದೂ ಮುದ್ರಿಸಲಿಲ್ಲವಾದ್ದರಿಂದ ಆ ತಟ್ಟೆಯನ್ನು ಬಿಡಿಯಾಗಿಯೇ ತರಿಸಬೇಕು, ತರಿಸು. ಒಂಬತ್ತನೆಯದಕ್ಕೆ ಫುರ್ಟ್‌ವ್ಯಾಂಗ್ಲರ್ ಅವರ ಬೈರಾಯ್ಟ್ ಕಛೇರಿಯ ಪ್ರತಿ ನನ್ನಲ್ಲಿ ಎರಡಿದೆ, ಒಂದನ್ನು ಕಳಿಸುತ್ತೇನೆ. ಅದನ್ನು ಮಳೆಗಾಲದಲ್ಲಿ ಹಾಕಬೇಡ. ಆ ನಿಧಾನದ ಭಾಗದ ಹತ್ತೊಂಬತ್ತು ನಿಮಿಷಕ್ಕೆ ಮಾಘದ ರಾತ್ರಿ ಬೇಕು.

ಸೆಲ್ ಪೆಟ್ಟಿಗೆ ಬಂದೊಡನೆ ತಟ್ಟೆಗಳನ್ನು ಎಣಿಸಿ, ಮೊದಲು ನಾಲ್ಕನೆಯದರ ಕೊನೆಯ ಭಾಗವನ್ನು ಹಾಕು. ಅರ್ಧ ದಾಟುತ್ತಿದ್ದಂತೆ ಕಿವಿ ಕೊಟ್ಟಿರು. ಬಸೂನ್ ಬರುವುದು ಹೇಳಿ ಕೇಳಿ ಅಲ್ಲ. ಸಿಕ್ಕಿತೇ, ಮಳೆಯ ಮೇಲೂ ಕೇಳಿಸಿತೇ ಎಂದು ಕೂಡಲೇ ಬರೆ.

ಇಂತಿ ನಿನ್ನ,
ಮೈಸೂರಿನ ಗೆಳೆಯ